ಮೊತ್ತ ತಿಳಿಯಲಿ, ಮಗುವಿನ ಹೆಸರು ಬೇಡ

ಮೋಟಾರು ಅಪಘಾತ ಪರಿಹಾರದ ಕೇಸುಗಳನ್ನು ನಡೆಸುವ ವಕೀಲೆ ನಾನು. ಗಾಯಗೊಂಡ ಮಗುವಿಗೆ ನ್ಯಾಯವಾದ ಪರಿಹಾರ ಸಿಗಬೇಕಾದರೆ ಏನನ್ನೂ ಮುಚ್ಚಿಡುವಂತಿಲ್ಲ. ಮಗು ಎಷ್ಟು ದೂರ ನಡೆಯುತ್ತದೆ, ಮೂತ್ರ ತಡೆಯಲು ಆಗುತ್ತದಾ, ಮುಂದೆ ಮದುವೆಗೆ ತೊಂದರೆಯಾ, ಎಲ್ಲವನ್ನೂ ಡಾಕ್ಟರ್ ಸಾಕ್ಷಿ ಹೇಳುತ್ತಾರೆ. ವಿಮಾ ಕಂಪನಿಯ ವಕೀಲರು ಅದರ ಮೇಲೇ ಪಾಟಿ ಸವಾಲು ಮಾಡುತ್ತಾರೆ. ಗಾಯದ ಫೋಟೋಗಳಿಗೂ ಸಾಕ್ಷ್ಯದ ದಾಖಲೆ ಅಂತ ನಿಶಾನೆ ನಂಬರ್ ಬೀಳುತ್ತದೆ. ಕೊನೆಗೆ ಇದೆಲ್ಲ ಮಗುವಿನ ಹೆಸರು, ವಯಸ್ಸು, ತಂದೆಯ ಹೆಸರು, ವಿಳಾಸದ ಸಮೇತ ಅವಾರ್ಡಿಗೆ, ಅಂದರೆ ಪರಿಹಾರದ ತೀರ್ಪಿಗೆ, ಸೇರಿ ಕೋರ್ಟಿನ ವೆಬ್‌ಸೈಟಿಗೆ ಹೋಗುತ್ತದೆ.

ಚಿಕ್ಕವಳಿದ್ದಾಗ ಸೊಂಟದ ಮೂಳೆ ಮುರಿದುಕೊಂಡಿದ್ದ ಹುಡುಗಿಯೊಬ್ಬಳು ಕಾಲೇಜು ಸೇರಿದಳು. ಸಹಪಾಠಿಯೊಬ್ಬ ಸುಮ್ನೆ ಅವಳ ಹೆಸರು ಹುಡುಕಿದ. ಡಾಕ್ಟರ್ ಹೇಳಿದ ಸಾಕ್ಷಿಯ ಪುಟ ತರಗತಿಯ ವಾಟ್ಸಾಪ್ ಗುಂಪಿಗೆ ಬಂತು. "ಮೇಡಂ, ದುಡ್ಡು ಬಂದದ್ದು ನೆಂಟರಿಗೆ ಗೊತ್ತಾಗಿದ್ದು ಹೋಗಲಿ, ಇದೂ ಗೊತ್ತಾಗಬೇಕಿತ್ತಾ?" ಎಂದು ಅವಳ ತಾಯಿ ಕೇಳಿದರು.

ಹಾಗಂತ ಬಾಗಿಲು ಮುಚ್ಚಿ ಕೇಸ್ ನಡೆಸಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ಬಾಲಕನೊಬ್ಬನ ಕೇಸಿನಲ್ಲಿ ಅಂಗವೈಕಲ್ಯಕ್ಕೆ ತಕ್ಕ ಮೊತ್ತ ಗೊತ್ತುಮಾಡಿತು. ಶೇ. 10ರಿಂದ 30ರವರೆಗೆ 3 ಲಕ್ಷ, ಶೇ. 90 ದಾಟಿದರೆ 6 ಲಕ್ಷ. 2020ರಲ್ಲಿ ಹನ್ನೆರಡು ವರ್ಷದ ಹುಡುಗಿಯ ಕೇಸಿನಲ್ಲಿ, ಜೀವನಪೂರ್ತಿ ನೋಡಿಕೊಳ್ಳುವವರ ಖರ್ಚನ್ನೂ ಗುಣಕ ಹಾಕಿ (ವರ್ಷದ ಖರ್ಚನ್ನು ವಯಸ್ಸಿಗೆ ತಕ್ಕ ಸಂಖ್ಯೆಯಿಂದ ಗುಣಿಸಿ) ಕೊಟ್ಟಿತು. ಈ ತೀರ್ಪುಗಳು ಎಲ್ಲರ ಕೈಗೆ ಸಿಗದಿದ್ದರೆ, ಕಡಿಮೆ ಮೊತ್ತಕ್ಕೆ ರಾಜಿ ಮಾಡಿಸಲು ಬರುವ ಕಂಪನಿಯ ಮುಂದೆ ನಾವು ಏನು ತೋರಿಸಬೇಕು? ಆದರೆ ಎರಡೂ ಕೇಸಿನ ಹೆಸರು ಆ ಮಕ್ಕಳದ್ದೇ. ದಿನಾ ಅವರ ಹೆಸರು ಹೇಳಿಯೇ ವಾದ ಮಾಡುತ್ತೇವೆ. ಲೆಕ್ಕಕ್ಕೆ ಅದು ಬೇಕಿರಲಿಲ್ಲ, ಅಲ್ವಾ?

ಪೋಕ್ಸೋ ಕೇಸಿನಲ್ಲಿ ಮಗುವಿನ ಗುರುತು ಬಿಟ್ಟುಕೊಡುವಂತಿಲ್ಲ. ಮೋಟಾರು ವಾಹನ ಕಾಯ್ದೆಯಲ್ಲಿ ಅಂಥ ಕಲಂ ಇಲ್ಲ. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2015ರಲ್ಲೇ ದಾರಿ ತೋರಿಸಿತ್ತು. ಗಾಯಗೊಂಡ ಮಗುವಿನ ಪರವಾದ ರಾಜಿಗೆ ಒಪ್ಪಿಗೆ ಕೊಡುವಾಗ ಸಾಮಾನ್ಯವಾಗಿ ಹೆಸರು ಮರೆಮಾಡಬೇಕು, ಪತ್ರಕರ್ತರಿಗೆ ಆಕ್ಷೇಪ ಹೇಳಲು ಅವಕಾಶ ಇರಬೇಕು ಎಂದಿತು.

ನಾವೀಗ ಕ್ಲೇಮ್ ಪೆಟಿಷನ್ ಜೊತೆಗೇ ಒಂದು ಐಎ (ಮಧ್ಯಂತರ ಅರ್ಜಿ) ಹಾಕುತ್ತೇವೆ. ಅವಾರ್ಡಿನಲ್ಲಿ ಮಗುವಿನ ಇನಿಶಿಯಲ್ ಸಾಕು, ಶಾಲೆ ಮತ್ತು ವಿಳಾಸ ಬೇಡ. ಅಂಗವೈಕಲ್ಯದ ಪ್ರಮಾಣ, ಮೊತ್ತ, ಅದಕ್ಕೆ ಕೊಟ್ಟ ಕಾರಣ ಎಲ್ಲ ಇರಲಿ. "ಯಾವ ಕಲಂ ಪ್ರಕಾರ?" ಎಂದು ಕೇಳುವ ನ್ಯಾಯಾಧೀಶರೂ ಇದ್ದಾರೆ. ಆಗ ನ್ಯಾಯಕ್ಕೆ ಬೇಕಾದ ಆದೇಶ ಮಾಡಲು ಕೋರ್ಟಿಗಿರುವ ಅಧಿಕಾರವನ್ನು ಹೇಳುವ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 151ನೇ ಕಲಂ, ಖಾಸಗಿತನ ಮೂಲಭೂತ ಹಕ್ಕು ಎಂದ ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪು ಎರಡನ್ನೂ ಮುಂದಿಡುತ್ತೇವೆ. ಪರಿಹಾರದ ಹಣ ಮಗುವಿನ ಹೆಸರಲ್ಲೇ ಎಫ್‌ಡಿ ಆಗಬೇಕು. ಅದಕ್ಕೆ ಪೂರ್ತಿ ಹೆಸರಿರುವ ಮೆಮೋವನ್ನು ಮುಚ್ಚಿದ ಲಕೋಟೆಯಲ್ಲಿ ಕೊಡುತ್ತೇವೆ. ಅವಾರ್ಡ್ ಆದ ಮೇಲೆ ಕೇಳೋಣ ಅಂತ ಕಾಯಬೇಡಿ. ಅಷ್ಟರಲ್ಲಿ ಖಾಸಗಿ ವೆಬ್‌ಸೈಟ್‌ಗಳು ಅದನ್ನು ನಕಲು ಮಾಡಿಕೊಂಡಿರಬಹುದು.