"ಸಾರ್, ಯಾವ ಓಪನಿಂಗ್ ಕಲಿಸ್ತೀರಿ?"

ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಈ ಪ್ರಶ್ನೆ ಕೇಳುವವರು ಮಕ್ಕಳಲ್ಲ, ಅವರ ಅಪ್ಪಂದಿರು. ಓಪನಿಂಗ್ ಅಂದರೆ ಆಟ ಶುರುಮಾಡುವ ಮೊದಲ ಕೆಲವು ನಡೆಗಳ ಕ್ರಮ; ಸಿಸಿಲಿಯನ್ ಅಂಥದ್ದೊಂದು. "ಸಿಸಿಲಿಯನ್ ತುಂಬಾ ಚೆನ್ನಾಗಿದೆಯಂತೆ, ಅದನ್ನೇ ಕಲಿಸಿಬಿಡಿ ಸಾರ್."

ಚೆನ್ನಾಗೇ ಇದೆ. ಆದರೆ ಈಗಲೇ ಬೇಡ.

ನಾನೂ ಒಮ್ಮೆ ಸಿಸಿಲಿಯನ್‌ನ ನೈಡಾರ್ಫ್ ಪದ್ಧತಿಯನ್ನು ಹದಿನೈದು ನಡೆಯವರೆಗೆ ಬಾಯಿಪಾಠ ಮಾಡಿಕೊಂಡು ಟೂರ್ನಮೆಂಟಿಗೆ ಹೋಗಿದ್ದೆ. ಎದುರಿಗೆ ಕೂತವನು ಹೈಸ್ಕೂಲ್ ಹುಡುಗ. ಅವನು ಇ4, ನಾನು ಸಿ5. (ಬಿಳಿಯವನ ಎಡದಿಂದ ಬಲಕ್ಕೆ ಎ-ಯಿಂದ ಎಚ್, ಅವನ ಕಡೆಯಿಂದ ಮೇಲಕ್ಕೆ 1ರಿಂದ 8; ಹೀಗೆ ಪ್ರತಿ ಮನೆಗೂ ಒಂದು ಹೆಸರು. ಕಾಯಿಯ ಹೆಸರು ಹೇಳದಿದ್ದರೆ ಅದು ಪಾನ್, ಅಂದರೆ ಕಾಲಾಳು.) ಎರಡನೇ ನಡೆಗೇ ಅವನು ಸಿ3 ಆಡಿಬಿಟ್ಟ. ನೈಡಾರ್ಫ್ ಬರಬೇಕಾದರೆ ಅವನು ಕುದುರೆ ಎತ್ತಬೇಕಿತ್ತು, ಆಮೇಲೆ ಡಿ4 ತಳ್ಳಬೇಕಿತ್ತು. ಪಾಪ, ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ನನ್ನ ಹದಿನೈದು ನಡೆಯಲ್ಲಿ ಖರ್ಚಾದದ್ದು ಒಂದೇ. ಮಧ್ಯಾಹ್ನದ ಊಟಕ್ಕೆ ಬೇಗ ಹೋದೆ.

ಎದುರಾಳಿ ತಪ್ಪು ನಡೆ ಆಡಿದಾಗ ಅದು ಯಾಕೆ ತಪ್ಪು ಅಂತ ನಿಮಗೆ ಹೊಳೆಯಬೇಕು. ಹೊಳೆದರೆ ಆ ಓಪನಿಂಗ್ ನಿಮ್ಮ ಮಟ್ಟದ್ದು. ನಮ್ಮಂಥವರ ಆಟದಲ್ಲಿ ನಾಲ್ಕೈದು ನಡೆಗೇ ಯಾರಾದರೊಬ್ಬರು ಪುಸ್ತಕ ಬಿಟ್ಟು ಹೊರಗೆ ಬಂದಿರುತ್ತಾರೆ, ಅಲ್ವಾ?

ಅದಕ್ಕೇ ಹೊಸಬರಿಗೆ ಇಟಾಲಿಯನ್ ಹೇಳುತ್ತೇನೆ. ಇ4ಕ್ಕೆ ಇ5, ಕುದುರೆ ಎಫ್3ಕ್ಕೆ, ಅವರ ಕುದುರೆ ಸಿ6ಕ್ಕೆ, ನಿಮ್ಮ ಒಂಟೆ ಸಿ4ಕ್ಕೆ. ಒಂಟೆಯ ಕಣ್ಣು ಎಫ್7ರ ಮೇಲೆ. ಅಲ್ಲಿರುವ ಪಾನ್‌ಗೆ ರಾಜನೊಬ್ಬನೇ ಕಾವಲು. ಏಳು ವರ್ಷದ ಮಗುವಿಗೂ ಇದು ಅರ್ಥವಾಗುತ್ತದೆ. ಮುಂದಿನ ನಡೆಗೆ ಕ್ಯಾಸಲಿಂಗ್ ಕೂಡ ಮಾಡಬಹುದು, ಅಂದರೆ ರಾಜನನ್ನು ಆನೆಯ ಕಡೆ ಸರಿಸಿ ಭದ್ರ ಮಾಡಬಹುದು.

ಕಪ್ಪು ಕಾಯಿ ಬಂದಾಗಲೂ ಇ4ಕ್ಕೆ ಇ5 ಸಾಕು. ಒಂದನ್ನು ಮಾತ್ರ ಬಾಯಿಪಾಠ ಮಾಡಿಸುತ್ತೇನೆ. ಬಿಳಿಯವನು ಇದೇ ಇಟಾಲಿಯನ್ ಆಡಿ, ನೀವು ಎರಡನೇ ಕುದುರೆಯನ್ನು ಎಫ್6ಕ್ಕೆ ತಂದಾಗ ಬಿಳಿಯವನು ತನ್ನ ಕುದುರೆಯನ್ನು ಜಿ5ಕ್ಕೆ ತರುತ್ತಾನೆ. ನೀವು ಡಿ5 ಆಡುತ್ತೀರಿ, ಅವನು ಪಾನ್‌ನಿಂದ ಹೊಡೆಯುತ್ತಾನೆ. ಆ ಪಾನನ್ನು ಕುದುರೆಯಿಂದ ಹೊಡೆಯಲು ಕೈ ತುರಿಸುತ್ತದೆ. ಹೊಡೆದರೆ ಅವನ ಕುದುರೆ ಎಫ್7ಕ್ಕೆ ಹಾರುತ್ತದೆ. ನಿಮ್ಮ ರಾಜ ಬೋರ್ಡಿನ ನಡುವೆ ಅಲೆಯಬೇಕಾಗುತ್ತದೆ. ಬೇಡ. ಸಿ6ರ ಕುದುರೆಯನ್ನು ಎ5ಕ್ಕೆ ತಂದು ಒಂಟೆಯನ್ನು ಹೆದರಿಸಿ.

"ಇದು ಮಕ್ಕಳ ಓಪನಿಂಗ್" ಅಂತ ಮೂಗು ಮುರಿಯುವವರಿದ್ದಾರೆ. ಅವರಿಗೆ ಇಷ್ಟು ಹೇಳುತ್ತೇನೆ. ಒಂಟೆಯನ್ನು ಸಿ4ರ ಬದಲು ಬಿ5ಕ್ಕೆ ತಂದರೆ ಅದು ಸ್ಪ್ಯಾನಿಷ್ ಓಪನಿಂಗ್. 2000ದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕ್ರಾಮ್ನಿಕ್ ಅದಕ್ಕೆ ಕಪ್ಪಿನ ಉತ್ತರವಾದ ಬರ್ಲಿನ್ ಡಿಫೆನ್ಸ್ ಆಡಿ ಆಗಿನ ಚಾಂಪಿಯನ್ ಕಾಸ್ಪರೋವ್ ಅವರನ್ನು ಕಟ್ಟಿಹಾಕಿದರು. ಬಿಳಿಯಲ್ಲಿ ಸ್ಪ್ಯಾನಿಷ್ ಆಡಿ ಗೆಲ್ಲುವುದು ಕಷ್ಟವಾಗುತ್ತಾ ಹೋಯಿತು. ಆಗ ದೊಡ್ಡ ದೊಡ್ಡ ಗ್ರ್ಯಾಂಡ್‌ಮಾಸ್ಟರ್‌ಗಳೇ ಇಟಾಲಿಯನ್‌ಗೆ ವಾಪಸ್ ಬಂದರು.

ಬಿಳಿಯವನು ಡಿ4 ಆಡಿ, ಸಿ1ರ ಒಂಟೆಯನ್ನು ಎಫ್4ಕ್ಕೆ ತರುವ ಲಂಡನ್ ಸಿಸ್ಟಮ್ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಓಪನಿಂಗ್ ಕೆಟ್ಟದ್ದೇನಲ್ಲ. 2023ರ ವಿಶ್ವ ಚಾಂಪಿಯನ್‌ಷಿಪ್‌ನ ಆರನೇ ಆಟವನ್ನು ಡಿಂಗ್ ಲಿರೆನ್ ಇದರಲ್ಲೇ ಗೆದ್ದರು. ಆದರೆ ಹೊಸಬರು ಎದುರಾಳಿ ಏನು ಮಾಡಿದರೂ ನೋಡದೆ ಅದೇ ಕಾಯಿಗಳನ್ನು ಅದೇ ಮನೆಗಳಲ್ಲಿ ಜೋಡಿಸುತ್ತಾರೆ. ಒಂಟೆ ಸಿ1 ಬಿಟ್ಟು ಹೋದ ಮೇಲೆ ಬಿ2 ಪಾನ್‌ಗೆ ಕಾವಲಿಲ್ಲ. ಕಪ್ಪು ರಾಣಿ ಬಿ6ಕ್ಕೆ ಬಂದು ನಿಂತಾಗಲೇ ಗೊತ್ತಾಗುವುದು.

ಕಾಯಿಗಳನ್ನು ಪುಕ್ಕಟೆ ಕೊಡುವುದು ನಿಂತ ಮೇಲೆ ಕ್ಯಾರೊ-ಕಾನ್, ಕ್ವೀನ್ಸ್ ಗ್ಯಾಂಬಿಟ್ ಎಂಬ ಓಪನಿಂಗ್‌ಗಳನ್ನು ನೋಡಿ. ಸಿಸಿಲಿಯನ್ ಎಲ್ಲಿಗೂ ಓಡಿಹೋಗುವುದಿಲ್ಲ.

ಇನ್ನೊಂದು ವಿಷಯ ನೆನಪಾಯಿತು. 19ನೇ ಶತಮಾನದ ಕಲ್ಕತ್ತಾದಲ್ಲಿ ಮಹೇಶಚಂದ್ರ ಬ್ಯಾನರ್ಜಿ ಅನ್ನುವವರು ಜಾನ್ ಕಾಕ್ರೇನ್ ಎಂಬ ಬ್ರಿಟಿಷ್ ವಕೀಲನ ಜೊತೆ ನೂರಾರು ಆಟ ಆಡಿದರು. ನಮ್ಮ ಹಳೆಯ ಪದ್ಧತಿಯಲ್ಲಿ ಪಾನ್ ಮೊದಲ ನಡೆಗೂ ಒಂದೇ ಮನೆ ಮುಂದೆ ಹೋಗುತ್ತಿತ್ತು. ಆ ರೂಢಿಯಲ್ಲೇ ಬ್ಯಾನರ್ಜಿಯವರು ಕಪ್ಪಿನಲ್ಲಿ ಡಿ6, ಜಿ6 ಅಂತ ಮೆಲ್ಲಗೆ ಶುರುಮಾಡಿ, ಒಂಟೆಯನ್ನು ಮೂಲೆಯ ಪಕ್ಕ ಜಿ7ರಲ್ಲಿ ಇಡುತ್ತಿದ್ದರು. ಯುರೋಪಿನವರ ಕಣ್ಣಿಗೆ ಅದು ವಿಚಿತ್ರವಾಗಿ ಕಂಡಿರಬೇಕು. ಬ್ಯಾನರ್ಜಿಯವರಿಗೆ ಮಾತ್ರ ಅದು ಮನೆಯ ಆಟ. ಇವತ್ತು ಕಪ್ಪಿನವರು ಆಡುವ ಇಂಡಿಯನ್ ಡಿಫೆನ್ಸ್‌ಗಳಿಗೆ ಹೆಸರು ಬಂದದ್ದು ಅಲ್ಲಿಂದಲೇ ಅನ್ನುತ್ತಾರೆ.