ಹೆಸರು ಬದಲಿಸಿದರೆ ಸಾಕೋ, ಕಥೆಯನ್ನೇ ಬದಲಿಸಬೇಕೋ

ಅಕೌಂಟಿಂಗ್ ಸಾಫ್ಟ್‌ವೇರಿಗೆ ಕನ್ನಡದಲ್ಲಿ ಕೈಪಿಡಿ ಬರೆಯುವುದು ನನ್ನ ಕೆಲಸ. ಕಿರಾಣಿ ಹೋಲ್‌ಸೇಲಿನವರು, ಸಿಮೆಂಟು-ಕಬ್ಬಿಣದ ಡೀಲರುಗಳು, ಅವರ ಅಂಗಡಿಯಲ್ಲಿ ಕೂತು ಎಂಟ್ರಿ ಹಾಕುವ ಹುಡುಗರು ನನ್ನ ಓದುಗರು. ಈ ಕೆಲಸದ ಪಾಠ ಸಿಕ್ಕಿದ್ದು ಎಡಿನ್‌ಬರಾದಲ್ಲಿರುವ ಸೈನ್ಸ್ ಫಿಕ್ಷನ್ ಲೇಖಕ ಚಾರ್ಲ್ಸ್ ಸ್ಟ್ರಾಸ್ ಅವರಿಂದ ಅಂದರೆ ಆಫೀಸಿನಲ್ಲಿ ನಗುತ್ತಾರೆ. ನಗಲಿ. ಫಾರ್ಮಸಿ ಓದಿ, ಆಮೇಲೆ ಕಂಪ್ಯೂಟರ್ ಸೈನ್ಸ್ ಓದಿ, ಪೂರ್ತಿ ಕಾದಂಬರಿಕಾರರಾಗುವ ಮೊದಲು ಅವರು ಯೂನಿಕ್ಸ್ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಕ್ನಿಕಲ್ ರೈಟರ್ ಆಗಿದ್ದವರು. ಅಂದರೆ ನಮ್ಮ ಜಾತಿಯವರೇ. 2007ರ ‘ಹಾಲ್ಟಿಂಗ್ ಸ್ಟೇಟ್’ ಕಾದಂಬರಿಯನ್ನು ಮೊದಲಿಂದ ಕೊನೆಯವರೆಗೂ ಓದುಗರನ್ನೇ ಉದ್ದೇಶಿಸಿ, ‘ನೀವು ಹೀಗೆ ಮಾಡುತ್ತೀರಿ’ ಎಂಬ ಧಾಟಿಯಲ್ಲಿ ಬರೆದಿದ್ದಾರೆ. ಹಳೆಯ ಕಂಪ್ಯೂಟರ್ ಆಟಗಳ ಧಾಟಿ ಅದು. ನನಗೆ ಮಾತ್ರ ಕೈಪಿಡಿ ಓದಿದ ಹಾಗೇ ಅನ್ನಿಸಿತು.

ಅವರ ಕಷ್ಟವೂ ನನ್ನದೇ. ಹತ್ತಿರದ ಭವಿಷ್ಯದ ಕಥೆ ಬರೆದರೆ, ಹಸ್ತಪ್ರತಿ ಮುಗಿದು ಪುಸ್ತಕ ಅಂಗಡಿಗೆ ಬರುವಷ್ಟರಲ್ಲಿ ಆ ಭವಿಷ್ಯ ಹಳೆಯದಾಗಿರುತ್ತದೆ. 2017ರ ಡಿಸೆಂಬರಿನಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಹ್ಯಾಕರುಗಳ ಸಮ್ಮೇಳನದಲ್ಲಿ ಮಾತಾಡುತ್ತಾ ಅವರು ತಮ್ಮ ಲೆಕ್ಕಾಚಾರ ಬಿಚ್ಚಿಟ್ಟರು. ಮುಂದಿನ ಕೆಲವು ವರ್ಷಗಳ ಪ್ರಪಂಚದಲ್ಲಿ ನೂರಕ್ಕೆ 90 ಭಾಗ ಈಗಾಗಲೇ ನಮ್ಮ ಸುತ್ತ ಇರುವುದೇ. 9 ಭಾಗ ಇನ್ನೂ ಬಂದಿಲ್ಲ, ಆದರೆ ಅಂದಾಜಿಗೆ ಸಿಗುತ್ತದೆ. ಉಳಿದ 1 ಭಾಗ ಯಾರೂ ಕೇಳದೆ ಬಂದು ಬೀಳುವುದು. ಈಚೆಗೆ ಅದು 80, 15, 5 ಆಗಿರಬಹುದು ಎಂದೂ ಸೇರಿಸಿದರು. (ಕಂಪನಿಗಳೇ ನಿಧಾನಗತಿಯ ಕೃತಕ ಬುದ್ಧಿಮತ್ತೆ ಎಂಬ ವಾದವೂ ಅದೇ ಭಾಷಣದ್ದು. ಬುದ್ಧಿಮತ್ತೆಯ ವಿಷಯ ಗೊತ್ತಿಲ್ಲ, ನಿಧಾನದ ಬಗ್ಗೆ ನನ್ನ ತಕರಾರಿಲ್ಲ. ನಮ್ಮಲ್ಲಿ ಒಂದು ಪುಟಕ್ಕೆ ಅಪ್ರೂವಲ್ ಸಿಗುವುದನ್ನು ನೋಡಿದ್ದೇನೆ.)

ಲೆಕ್ಕಾಚಾರಕ್ಕಿಂತ ನನಗೆ ಉಪಯೋಗಕ್ಕೆ ಬಂದದ್ದು ಪ್ರಪಂಚ ಬದಲಾದಾಗಲೆಲ್ಲ ಅವರು ಹಸ್ತಪ್ರತಿಗೆ ಏನು ಮಾಡಿದರು ಎನ್ನುವುದು. ‘ದಿ ಅಟ್ರಾಸಿಟಿ ಆರ್ಕೈವ್ಸ್’ ಬರೆಯುವಾಗ ಅವರಿಗೆ ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಭಯೋತ್ಪಾದಕ ಗುಂಪೊಂದು ಬೇಕಿತ್ತು. ಆರಿಸಿಕೊಂಡದ್ದು ಬಿನ್ ಲಾಡೆನ್‌ನ ಗುಂಪನ್ನು. ಅದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುವ ಹೊತ್ತಿಗೆ 2001ರ ಸೆಪ್ಟೆಂಬರ್ 11 ಆಗಿಹೋಗಿತ್ತು. ಗುಂಪಿನ ಹೆಸರು ಬದಲಾಯಿತು, ಕಥೆ ನಿಂತಿತು.

2016ರಲ್ಲಿ ಹಾಗೆ ತೇಪೆ ಹಾಕಿ ಮುಗಿಸಲು ಆಗಲಿಲ್ಲ. ‘ದಿ ಡೆಲಿರಿಯಂ ಬ್ರೀಫ್’ ಬ್ರಿಟಿಷ್ ಸರ್ಕಾರದ ಒಳಮನೆಯ ಕಥೆ. ಜೂನ್ 23ರಂದು ಬ್ರೆಕ್ಸಿಟ್ ಮತದಾನ ನಡೆದು, ಪ್ರಧಾನಿ ಕ್ಯಾಮರಾನ್ ರಾಜೀನಾಮೆ ಕೊಟ್ಟು, ನಿಜವಾದ ರಾಜಕೀಯವೇ ಇವರ ವ್ಯಂಗ್ಯವನ್ನು ಮೀರಿಸಿತು. ಕೂತು ದೊಡ್ಡ ಭಾಗವನ್ನೇ ಮತ್ತೆ ಬರೆದರು. ಪುಸ್ತಕ ಬಂದದ್ದು ಮುಂದಿನ ವರ್ಷ.

ಮೂರನೆಯದು ಇನ್ನೂ ಕಠಿಣ. ‘ಹಾಲ್ಟಿಂಗ್ ಸ್ಟೇಟ್’ ಮತ್ತು ‘ರೂಲ್ 34’ ಆದಮೇಲೆ ಅದೇ ಲೋಕದ ಇನ್ನೊಂದು ಕಾದಂಬರಿ ಬರಬೇಕಿತ್ತು. ಬೇಹುಗಾರರು ಆನ್‌ಲೈನ್ ಆಟಗಳೊಳಗೆ ನುಸುಳುವುದು ಅವರ ಕಲ್ಪನೆಯಾಗಿತ್ತು. 2013ರ ಕೊನೆಗೆ, ಸ್ನೋಡೆನ್ ಹೊರಹಾಕಿದ ಅಮೆರಿಕದ ಬೇಹುಗಾರಿಕೆಯ ದಾಖಲೆಗಳಿಂದ, ನಿಜದ ಬೇಹುಗಾರರು ನಿಜದ ಆಟಗಳಲ್ಲಿ ಅದನ್ನೇ ಮಾಡಿದ್ದು ಗೊತ್ತಾಯಿತು. ಮೇಲಿಂದ 2014ರ ಸ್ಕಾಟ್ಲೆಂಡ್ ಸ್ವಾತಂತ್ರ್ಯದ ಜನಮತಗಣನೆ ಎದುರಿಗಿತ್ತು. ಅವರ ಕಥೆ ನಡೆಯುವ ದೇಶದ ಹಣೆಬರಹವೇ ನಿರ್ಧಾರವಾಗಿರಲಿಲ್ಲ. ಆ ಪುಸ್ತಕವನ್ನು ಕೈಬಿಟ್ಟೆ ಎಂದು ಓದುಗರಿಗೆ ಹೇಳಿಬಿಟ್ಟರು.

ಹೆಸರು ಬದಲಿಸು, ಮತ್ತೆ ಬರೆ, ಬಿಟ್ಟುಬಿಡು. ನನ್ನ ಮೇಜಿಗೆ ಬರುವ ಪ್ರತಿ ಸರ್ಕಾರಿ ನೋಟಿಫಿಕೇಶನ್ನೂ ಈ ಮೂರರಲ್ಲಿ ಒಂದು. ಯಾವುದು ಎಂದು ಮೊದಲೇ ಗುರುತಿಸಿಕೊಂಡರೆ ಕೆಲಸ ಅರ್ಧ ಮುಗಿದಂತೆ. ಬಿಲ್ಲನ್ನು ಸರ್ಕಾರದ ಪೋರ್ಟಲಿಗೆ ಹಾಕುವುದನ್ನು ಕಡ್ಡಾಯ ಮಾಡುವ ಈ-ಇನ್‌ವಾಯ್ಸಿನ ಟರ್ನ್‌ಓವರ್ ಮಿತಿ 2020ರ ಅಕ್ಟೋಬರಿನಲ್ಲಿ 500 ಕೋಟಿ ಇತ್ತು. ಆಮೇಲೆ 100, 50, 20, 10 ಆಗಿ, 2023ರ ಆಗಸ್ಟಿಗೆ 5 ಕೋಟಿಗೆ ಇಳಿಯಿತು. ಬಿಲ್ ಮಾಡುವ ಕ್ರಮ ಅದೇ, ಅಂಕಿ ಮಾತ್ರ ಬೇರೆ. ಅದಕ್ಕೇ ಮಿತಿಯನ್ನು ಒಂದೇ ಕೋಷ್ಟಕದಲ್ಲಿ ಇಡುತ್ತೇವೆ, ಉಳಿದ ಪುಟಗಳು ‘ನಿಮಗೆ ಅನ್ವಯಿಸಿದರೆ’ ಎಂದಷ್ಟೇ ಹೇಳುತ್ತವೆ. 2017ರ ಜುಲೈ 1ರ ಜಿಎಸ್‌ಟಿ ಬೇರೆ ಜಾತಿಯದು. ವ್ಯಾಟ್ ಇದ್ದ ಕಡೆಯೆಲ್ಲ ಜಿಎಸ್‌ಟಿ ಎಂದು ತುಂಬಿದರೆ ಓದುವವನಿಗೆ ಏನೂ ದಕ್ಕುವುದಿಲ್ಲ. ತೆರಿಗೆ ಯಾವ ಘಟ್ಟದಲ್ಲಿ, ಯಾವ ರಾಜ್ಯಕ್ಕೆ ಎನ್ನುವ ತರ್ಕವೇ ಬದಲಾಗಿತ್ತು. ಇನ್ನು ಸರಕು ಸಾಗಿಸಲು ನಮ್ಮ ರಾಜ್ಯದಲ್ಲಿದ್ದ ಇ-ಸುಗಮ ರಹದಾರಿಯ ಅಧ್ಯಾಯ: ದೇಶಕ್ಕೆಲ್ಲ ಒಂದೇ ಇ-ವೇ ಬಿಲ್ ಬಂದಮೇಲೆ ಅದನ್ನು ತಿದ್ದಿ ಉಳಿಸಿಕೊಳ್ಳುವುದು ವ್ಯರ್ಥ ಕಸರತ್ತು. ತೆಗೆದು ಹಾಕಬೇಕು. ಬರೆದವರಿಗೆ ಇದೇ ಎಲ್ಲಕ್ಕಿಂತ ಕಷ್ಟ, ಆ ಸ್ಕ್ರೀನ್‌ಶಾಟುಗಳಿಗೆ ಬಾಣ ಹಾಕಿದ್ದು ಅವರೇ ತಾನೆ.

ಮೂರರಲ್ಲಿ ಯಾವುದು ಎನ್ನುವುದು ನೋಡಿದ ತಕ್ಷಣ ತಿಳಿಯುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾದಾಗ ಸಿಮೆಂಟಿನ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿಯಿತು. ನಮ್ಮ ಮಾದರಿ ಬಿಲ್ಲು ಸಿಮೆಂಟಿನದೇ: 300 ರೂಪಾಯಿಯ 100 ಮೂಟೆ, 30,000ಕ್ಕೆ 8,400 ತೆರಿಗೆ. ಟೀಮಿಗೆ ಹೊಸದಾಗಿ ಸೇರಿದ ಹುಡುಗ ಕೇಳಿದ:

“ಮೇಡಂ, 28 ಇರೋ ಕಡೆಯೆಲ್ಲ 18 ಮಾಡಿಬಿಡ್ಲಾ? ಫೈಂಡ್-ರಿಪ್ಲೇಸ್‌ನಲ್ಲಿ ಒಂದೇ ಏಟಿಗೆ ಆಗತ್ತೆ.”

“ಸೆಪ್ಟೆಂಬರ್ 10ಕ್ಕೆ ಮಾರಿದ ಮಾಲು ಅಕ್ಟೋಬರಲ್ಲಿ ವಾಪಸ್ ಬಂದ್ರೆ?”

ಅವನು ಕ್ಯಾಲ್ಕುಲೇಟರ್ ತೆಗೆದ. 10 ಮೂಟೆ ವಾಪಸ್, 3,000. ಹೊಸ ದರಕ್ಕೆ 540, ಹಳೆಯದಕ್ಕೆ 840. ಮಾರಿದ ದಿನ ಕಟ್ಟಿದ್ದು 28ರ ಲೆಕ್ಕದಲ್ಲಿ, ಆದ್ದರಿಂದ ವಾಪಸ್ ಬಂದ ಮಾಲಿನ ಹಣ ಕಳೆಯಲು ಡೀಲರು ಬರೆಯುವ ಕ್ರೆಡಿಟ್ ನೋಟಿನಲ್ಲೂ 840 ಬರಬೇಕು. ಫೈಂಡ್-ರಿಪ್ಲೇಸ್ ಮಾಡಿದ್ದರೆ ನಮ್ಮ ಕೈಪಿಡಿಯನ್ನು ನಂಬಿದ ಡೀಲರಿಗೆ 300 ರೂಪಾಯಿ ಖೋತಾ.

ಮಾರಾಟದ ಪುಟಕ್ಕೆ 18 ಹಾಕಿದೆವು. ಮಾಲು ವಾಪಸಾತಿಯ ಪುಟವನ್ನು ಅವನೇ ಮತ್ತೆ ಬರೆದ, ಬಿಲ್ಲಿನ ತಾರೀಕು ನೋಡಿ ದರ ಆರಿಸುವ ಹಾಗೆ ಎರಡು ಸಾಲು ಮಾಡಿ.

“ಹಳೇ ಸಾಲು ಎಷ್ಟು ದಿನ ಇರ್ಬೇಕು ಮೇಡಂ?”

ಆ ಆರ್ಥಿಕ ವರ್ಷದ ಬಿಲ್ಲುಗಳ ಕ್ರೆಡಿಟ್ ನೋಟ್ ತೋರಿಸಲು ಕಡೆಯ ಗಡುವು 2026ರ ನವೆಂಬರ್ 30. ನಮ್ಮ ಶೀಟಿನಲ್ಲಿ ಪ್ರತಿ ಪುಟದ ಎದುರಿಗೂ ‘ತೆಗೆಯುವ ದಿನ’ ಎಂಬ ಕಾಲಂ ಇದೆ, ಬಹುಪಾಲು ಖಾಲಿಯೇ. ಇದಕ್ಕೆ ಡಿಸೆಂಬರ್ 1 ಎಂದು ತುಂಬಿ, ಪಕ್ಕದಲ್ಲಿ ‘ಸರ್ಕಾರ ಅಷ್ಟರೊಳಗೆ ಇನ್ನೇನೂ ಮಾಡದಿದ್ದರೆ’ ಎಂದು ಸೇರಿಸಿದ. ಅದನ್ನು ಅಳಿಸು ಎಂದು ನಾನೂ ಹೇಳಲಿಲ್ಲ.