ಕೂತವರು, ಎದ್ದು ಬಂದವರು

18 ಫೆಬ್ರವರಿ 2024, ಭಾನುವಾರ

"ಗಂಡು ನೋಡಿದ ಕೂಡಲೇ ಮರುಳಾಗ್ತಾನೆ, ಹೆಣ್ಣು ಅಳೆದು ತೂಗ್ತಾಳೆ. ಅದು ಸೃಷ್ಟಿನಿಯಮ" ಅಂತ ಚಿಕ್ಕಪ್ಪ ಇವತ್ತು ಪ್ರವಚನ ಕೊಟ್ಟರು. ಸೃಷ್ಟಿಯ ಮೇಲೆ ಇಷ್ಟೊಂದು ಭಾರ ಹೊರಿಸೋದು ನನಗೆ ಒಪ್ಪಿಗೆ ಇಲ್ಲ.

ಸ್ಪೀಡ್ ಡೇಟಿಂಗ್ ನೋಡಿ, ಗುರುತಿಲ್ಲದ ಹುಡುಗ ಹುಡುಗಿಯರು ಒಬ್ಬರಾದ ಮೇಲೆ ಒಬ್ಬರನ್ನು ಕೆಲವೇ ನಿಮಿಷ ಮಾತಾಡಿಸಿ, ಯಾರು ಇಷ್ಟ ಅಂತ ಹೇಳುವ ಕೂಟ. ಅಲ್ಲಿ ಸಾಮಾನ್ಯವಾಗಿ ಹುಡುಗಿಯರು ಕೂತಿರುತ್ತಾರೆ, ಹುಡುಗರು ಕೆಲವು ನಿಮಿಷಕ್ಕೊಮ್ಮೆ ಎದ್ದು ಮುಂದಿನ ಕುರ್ಚಿಗೆ ಹೋಗುತ್ತಾರೆ. ಕೊನೆಗೆ ಹುಡುಗರು ಜಾಸ್ತಿ ಜನರಿಗೆ ಹೂಂ ಅನ್ನುತ್ತಾರೆ, ಹುಡುಗಿಯರು ಕಡಿಮೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಲಿ ಫಿಂಕೆಲ್ ಮತ್ತು ಪಾಲ್ ಈಸ್ಟ್‌ವಿಕ್ ಸುಮಾರು 350 ಕಾಲೇಜು ವಿದ್ಯಾರ್ಥಿಗಳನ್ನು ಸೇರಿಸಿ, ಅರ್ಧದಷ್ಟು ಕೂಟಗಳಲ್ಲಿ ಹುಡುಗಿಯರನ್ನೇ ಎಬ್ಬಿಸಿ ಓಡಾಡಿಸಿದರು. ಆ ಕೂಟಗಳಲ್ಲಿ ಈ ವ್ಯತ್ಯಾಸ ಕಾಣಲೇ ಇಲ್ಲ! 2009ರಲ್ಲಿ ಬಂದ ಅಧ್ಯಯನ ಇದು. ಎದ್ದು ಹತ್ತಿರ ಹೋದವರಿಗೆ ಧೈರ್ಯವೂ ಜಾಸ್ತಿ, ಎದುರಿಗಿದ್ದವರ ಮೇಲೆ ಆಸೆಯೂ ಜಾಸ್ತಿ.

ನಮ್ಮ ಹೆಣ್ಣು ನೋಡುವ ಶಾಸ್ತ್ರಕ್ಕೆ ಇದು ಪೂರ್ತಿ ಹೊಂದಲ್ಲ ಬಿಡಿ. ಎದ್ದು ಬಂದವರೇ ಉಪ್ಪಿಟ್ಟು ಕೇಸರಿಬಾತ್ ತಿಂದು "ಊರಿಗೆ ಹೋಗಿ ತಿಳಿಸ್ತೀವಿ" ಅಂತ ಹೋಗುತ್ತಿದ್ದರು. ಅಪ್ಪ ಇಷ್ಟವಾದರಾ ಅಂತ ಅಮ್ಮನನ್ನು ಯಾರೂ ಕೇಳಿರಲಿಲ್ಲವಂತೆ. ಅಳೆದು ತೂಗೋಕೆ ಅವಳ ಕೈಗೆ ತಕ್ಕಡಿ ಕೊಟ್ಟಿದ್ದು ಯಾವಾಗ?

ಈಗ ನಮ್ಮ ಮಂಡ್ಯದ ಕಡೆ ಕಾಲ ತಿರುಗಿದೆ. ಹೋದ ವರ್ಷ ಫೆಬ್ರವರಿಯಲ್ಲಿ ಹೆಣ್ಣು ಸಿಗದ ಹುಡುಗರು ಕೆ.ಎಂ. ದೊಡ್ಡಿಯಿಂದ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದರಲ್ಲ, ಅವರಲ್ಲಿ ರೈತರ ಮಕ್ಕಳೇ ಜಾಸ್ತಿ. ಚಿಕ್ಕಪ್ಪನ ಮಗನದ್ದೂ ಕಬ್ಬಿನ ಗದ್ದೆ. ಎಷ್ಟೋ ಕಡೆ ಬೇಡ ಅನ್ನಿಸಿಕೊಂಡವನು ಬೇಗ ಹೂಂ ಅಂದರೆ ಅದನ್ನು ಗಂಡಸಿನ ಗುಣ ಅನ್ನಬೇಕಾ?

ಇವತ್ತು ನಾವು ನೋಡಿದ ಹುಡುಗಿ ತಾರಸಿಯ ಮೇಲೆ ಇವನನ್ನು ಕೇಳಿದ್ದು ಒಂದೇ: "ಕೋಪ ಬಂದ್ರೆ ಏನ್ ಮಾಡ್ತೀರಾ?" ಇವನು ಕತ್ತು ತಗ್ಗಿಸಿ "ಸುಮ್ನೆ ಗದ್ದೆ ಕಡೆ ಹೋಗ್ಬಿಡ್ತೀನಿ" ಅಂದ. ಅವಳು ನಕ್ಕಳು. ಕಾರಲ್ಲಿ ಬರುವಾಗ ಇವನ ಬಾಯಲ್ಲಿ ಬರೀ ಆ ನಗುವಿನ ಮಾತು. "ಅವಳು ಕೇಳಿದ್ದೇನೋ?" ಅಂದರೆ, "ಏನೋ ಕೋಪದ್ದು ಅಕ್ಕಾ" ಅಂದ. ಮನೆ ಬಿಟ್ಟು ಬರಬೇಕಾದವಳು ಅವಳು, ಅದಕ್ಕೇ ಆ ಪ್ರಶ್ನೆ. ಒಂದು ವಾರ ಟೈಮ್ ಕೇಳಿದ್ದಾಳೆ. ಚಿಕ್ಕಮ್ಮನ ಮುಖ ಊದಿಕೊಂಡಿದೆ. ನಂಬರ್ ಕೊಡು ಅಂತ ಇವನು ನನ್ನ ಹಿಂದೆ ಬಿದ್ದಿದ್ದಾನೆ. ಕೊಡಲ್ಲ ಅಂದೆ. ಇವನ ನಂಬರ್ ಅವಳ ಹತ್ತಿರ ಇದೆ, ಬೇಕಾದರೆ ಅವಳೇ ಮಾಡಲಿ.